ವಾಚನಾಲಯದಲ್ಲಿ ಕಲಿತ ಚಿತ್ರಕಾರ

ಪುಸ್ತಕಭಂಡಾರವೆಂಬುದು ಓದುವವರ ಸೊತ್ತು, ಚಿತ್ರ ಬರೆಯುವವನಿಗೆ ಅಲ್ಲೇನು ಕೆಲಸ ಎಂದು ಕೇಳುವವರುಂಟು. ಅಂಥವರು ನ್ಯೂಯಾರ್ಕ್ ನಗರದ ಹಾರ್ಲೆಂ ಬಡಾವಣೆಯಲ್ಲಿ, 135ನೆಯ ಬೀದಿಯ ಸಾರ್ವಜನಿಕ ಗ್ರಂಥಾಲಯದ ಸಂಗತಿಯನ್ನು ತಿಳಿಯಬೇಕು.

ಅಮೆರಿಕದ ದಕ್ಷಿಣ ಸಂಸ್ಥಾನಗಳನ್ನು ತೊರೆದು ಬಂದ ಕಪ್ಪು ಜನರು ಹಾರ್ಲೆಂನಲ್ಲಿ ನೆರೆಯುತ್ತಿದ್ದ ಕಾಲ. 1921ರಿಂದಲೇ ಆ ಗ್ರಂಥಾಲಯದಲ್ಲಿ ಕಪ್ಪು ಕಲಾವಿದರ ಕೃತಿಗಳ ಪ್ರದರ್ಶನ ನಡೆಯತೊಡಗಿತ್ತು. 1926ರಲ್ಲಿ ಆರ್ಟುರೊ ಷೋಂಬರ್ಗ್ ಎಂಬಾತನ ಸಂಗ್ರಹವೂ ಅಲ್ಲಿಗೆ ಸೇರಿತು. ಷೋಂಬರ್ಗ್ ಪೋರ್ಟೊರಿಕೊ ದ್ವೀಪದವನು. ಕಪ್ಪು ಜನರಿಗೆ ಚರಿತ್ರೆಯೇ ಇಲ್ಲವೆಂದು ಬಾಲ್ಯದಲ್ಲಿ ಉಪಾಧ್ಯಾಯರೊಬ್ಬರು ಆಡಿದ ಮಾತು ಆತನಿಗೆ ಚುಚ್ಚಿತಂತೆ. ಅದಕ್ಕೆ ಉತ್ತರವಾಗಿ ಆತ ಗ್ರಂಥ, ಹಸ್ತಪ್ರತಿ, ಅಚ್ಚಿನ ಚಿತ್ರಗಳನ್ನು ಸಾವಿರಗಟ್ಟಲೆ ಕೂಡಿಹಾಕಿದ. ಕಾರ್ನೆಗಿ ಸಂಸ್ಥೆ ಅದಕ್ಕೆ ತೆತ್ತ ಬೆಲೆ 10,000 ಡಾಲರು. 1934ರಲ್ಲಿ ಏರನ್ ಡಗ್ಲಸ್ ಇದೇ ಗ್ರಂಥಾಲಯಕ್ಕಾಗಿ ತನ್ನ ಜನರ ಬಾಳನ್ನು ನಾಲ್ಕು ದೊಡ್ಡ ಚಿತ್ರಪಟಗಳಲ್ಲಿ ರಚಿಸಿದ.

ಜೇಕಬ್ ಲಾರೆನ್ಸ್ ಹಾರ್ಲೆಂಗೆ ಬಂದದ್ದು 1930ರಲ್ಲಿ, ಹದಿಮೂರರ ಹುಡುಗನಾಗಿ. ಶಾಲೆಯ ಓದು ಪೂರ್ತಿಯಾಗಲಿಲ್ಲ. ಶಾಲೆ ಹೇಳದೆ ಬಿಟ್ಟುದನ್ನು ಈ ವಾಚನಾಲಯ ಅವನಿಗೆ ಹೇಳಿತು. ಹೈಟಿ ದ್ವೀಪದ ಗುಲಾಮರ ದಂಗೆಗೆ ನಾಯಕನಾದ ಟೂಸೆಂಟ್‌ನ ವೃತ್ತಾಂತವನ್ನು ಅಲ್ಲಿ ಕುಳಿತು ಓದಿದ. ಒಂದು ಚಿತ್ರದಲ್ಲಿ ಅಷ್ಟೂ ಅಡಗದೆಂದು ಕಂಡಿತೇನೋ, 1938ರ ಹೊತ್ತಿಗೆ 41 ಚಿತ್ರಗಳನ್ನು ಬರೆದು ಮುಗಿಸಿದ್ದ. ಆಗ ವಯಸ್ಸು ಇಪ್ಪತ್ತೊಂದರ ಆಸುಪಾಸು.

ಆತನ ಕೀರ್ತಿಗೆ ಮುಖ್ಯ ಕಾರಣವಾದುದು 1940–41ರಲ್ಲಿ ರಚಿಸಿದ ವಲಸೆಯ ಚಿತ್ರಮಾಲೆ. ತಾಯಿತಂದೆಗಳೇ ಆ ವಲಸೆಯಲ್ಲಿ ಬಂದವರು. ಮನೆಯಲ್ಲಿ ಕೇಳಿದ ಮಾತಿಗೆ ವಾಚನಾಲಯದ ದಾಖಲೆಗಳು ಬೆಂಬಲವಾದುವು. ಒಂದೊಂದು ಫಲಕ 18 ಅಂಗುಲ ಉದ್ದ, 12 ಅಂಗುಲ ಅಗಲ; ಒಟ್ಟು 60. ಅವನ್ನೆಲ್ಲ ಒಟ್ಟಿಗೆ ಹರಡಿಕೊಂಡು ಒಂದು ಬಣ್ಣವನ್ನು ಎಲ್ಲ ಫಲಕಗಳಿಗೂ ಹಚ್ಚಿಯೇ ಮುಂದಿನ ಬಣ್ಣಕ್ಕೆ ಕೈ ಹಾಕುತ್ತಿದ್ದ. ಹೀಗಾಗಿ ಇಡೀ ಮಾಲೆಗೆ ಒಂದೇ ಉಸಿರು. ಪ್ರತಿ ಚಿತ್ರದ ಕೆಳಗೂ ಒಂದೆರಡು ವಾಕ್ಯಗಳುಂಟು. ಆತನನ್ನು 1941ರಲ್ಲಿ ವಿವಾಹವಾದ ಚಿತ್ರಗಾರ್ತಿ ಗ್ವೆಂಡಲಿನ್ ನೈಟ್ ಆ ಬರಹಕ್ಕೂ ಫಲಕಗಳ ಸಿದ್ಧತೆಗೂ ನೆರವಾದಳು. ಇವನ್ನು ನೋಡುವುದೆಂದರೆ ಪುಟ ತಿರುವಿದಂತೆಯೇ ಸರಿ.

ಒಂದರಲ್ಲಿ ಬರಿಯ ಕೊಂಬೆ, ತೂಗುವ ನೇಣು, ಕೆಳಗೆ ಮುದುಡಿ ಕುಳಿತ ಒಂದು ಜೀವ. ಹೆಣವನ್ನು ಚಿತ್ರಕಾರ ತೋರಿಸಿಲ್ಲ. ತೋರಿಸಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಇನ್ನೊಂದರಲ್ಲಿ ಮೂವರು ಬಾಲೆಯರು ಕಪ್ಪುಹಲಗೆಯ ಮೇಲೆ ಕೈಯೆತ್ತಿ ಅಂಕಿಗಳನ್ನು ಬರೆಯುತ್ತಿದ್ದಾರೆ. ಉಪಾಧ್ಯಾಯರಾದವರು ಇದನ್ನು ಅಷ್ಟು ಸುಲಭವಾಗಿ ಮರೆಯಲಾರರು.

1960ರಲ್ಲಿ ಲಾರೆನ್ಸ್ ಗ್ರಂಥಾಲಯವನ್ನೇ ಚಿತ್ರಿಸಿದ. ಸಾಲು ಮೇಜುಗಳು, ಬಾಗಿದ ತಲೆಗಳು, ಬಣ್ಣಬಣ್ಣದ ಪುಸ್ತಕಗಳು. ಯಾರೂ ನಮ್ಮತ್ತ ನೋಡುವುದಿಲ್ಲ. ನನಗೆ ಅದು ಚಿತ್ರಕಾರನೊಬ್ಬ ಸಲ್ಲಿಸಿದ ಗುರುದಕ್ಷಿಣೆಯಂತೆಯೇ ಕಾಣುತ್ತದೆ.

ವಲಸೆಯ ಮಾಲೆಗೆ ಒದಗಿದ ಗತಿ ಮಾತ್ರ ವಿಚಿತ್ರ. ಎರಡು ಸಂಗ್ರಹಾಲಯಗಳು ಅದನ್ನು 1942ರಲ್ಲಿ ಹಂಚಿಕೊಂಡುವು. ಬೆಸಸಂಖ್ಯೆಯ 30 ಚಿತ್ರಗಳು ಒಂದಕ್ಕೆ, ಸಮಸಂಖ್ಯೆಯ 30 ಇನ್ನೊಂದಕ್ಕೆ! 2015ರಲ್ಲಿ ನಡೆದಂತೆ ಅಪರೂಪಕ್ಕೊಮ್ಮೆ ಒಟ್ಟುಗೂಡುತ್ತವೆ. ಉಳಿದ ಕಾಲದಲ್ಲಿ ಮೊದಲ ಪುಟ ವಾಷಿಂಗ್ಟನ್ನಿನಲ್ಲಿ, ಎರಡನೆಯದು ನ್ಯೂಯಾರ್ಕಿನಲ್ಲಿ.