ಪ್ರತಿಕ್ರಿಯಾತ್ಮಕ ಬಲ ಸೂಚ್ಯಂಕ

ಪ್ರತಿಕ್ರಿಯಾತ್ಮಕ ಬಲ ಸೂಚ್ಯಂಕವು ಕ್ರೀಡಾಪಟುವಿನ ಕಾಲುಗಳ ಸ್ಫೋಟಕ ಬಲವನ್ನು ಅಳೆಯುವ ಮಾನವಾಗಿದೆ. ನೆಲಕ್ಕೆ ತಾಗಿದ ಪಾದವು ಎಷ್ಟು ಬೇಗ, ಎಷ್ಟು ಎತ್ತರಕ್ಕೆ ಮರಳಿ ಪುಟಿಯುತ್ತದೆ ಎಂಬುದನ್ನು ಇದು ಒಂದೇ ಸಂಖ್ಯೆಯಲ್ಲಿ ತಿಳಿಸುತ್ತದೆ.

ಹಿನ್ನೆಲೆ

ದೇಹವು ನೆಲಕ್ಕಿಳಿಯುವಾಗ ಹಿಗ್ಗುವ ಸ್ನಾಯು ಮತ್ತು ಸ್ನಾಯುರಜ್ಜುಗಳು ಸ್ಪ್ರಿಂಗಿನಂತೆ ಶಕ್ತಿಯನ್ನು ಕೂಡಿಟ್ಟು, ಒಡನೆಯೇ ಕುಗ್ಗುವಾಗ ಹಿಂದಿರುಗಿಸುತ್ತವೆ. ನಡುವೆ ತಡವಾದರೆ ಆ ಶಕ್ತಿಯ ಒಂದು ಭಾಗ ಶಾಖವಾಗಿ ನಷ್ಟವಾಗುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಜಿಗಿದು ಭಾರತದ ದಾಖಲೆ ಸ್ಥಾಪಿಸಿದರು. ಈ ಮಟ್ಟದ ಎತ್ತರ ಜಿಗಿತದಲ್ಲಿ ಕೊನೆಯ ಹೆಜ್ಜೆ ನೆಲದ ಮೇಲಿರುವುದು ಸಾಮಾನ್ಯವಾಗಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಅಥವಾ ಅದಕ್ಕಿಂತ ಕಡಿಮೆ ಹೊತ್ತು ಮಾತ್ರ.

ಅಳೆಯುವ ವಿಧಾನ

ಸುಮಾರು 30 ಸೆಂ.ಮೀ. ಎತ್ತರದ ಪೆಟ್ಟಿಗೆಯಿಂದ ಕೈಗಳನ್ನು ಸೊಂಟದ ಮೇಲಿಟ್ಟು ಕೆಳಗಿಳಿದು, ನೆಲ ತಾಗಿದೊಡನೆ ಮೇಲಕ್ಕೆ ಜಿಗಿಯಬೇಕು. ಇದನ್ನು ಡ್ರಾಪ್ ಜಂಪ್ ಎನ್ನುತ್ತಾರೆ. ಜಿಗಿದ ಎತ್ತರವನ್ನು ಪಾದವು ನೆಲದ ಮೇಲಿದ್ದ ಅವಧಿಯಿಂದ ಭಾಗಿಸಿದರೆ ಸೂಚ್ಯಂಕ ದೊರೆಯುತ್ತದೆ.

ಪ್ರಯೋಗಾಲಯಗಳಲ್ಲಿ ಇದಕ್ಕೆ ಬಲಫಲಕವನ್ನು ಬಳಸುತ್ತಾರೆ. ಅದಿಲ್ಲದೆಡೆ ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲ್ ಸಾಕು. ಪಾದವು 48 ಚಿತ್ರಗಳಲ್ಲಿ ನೆಲದ ಮೇಲೂ 120 ಚಿತ್ರಗಳಲ್ಲಿ ಗಾಳಿಯಲ್ಲೂ ಇದ್ದರೆ, ನೆಲಸ್ಪರ್ಶದ ಅವಧಿ 0.20 ಸೆಕೆಂಡು, ಹಾರಾಟದ ಅವಧಿ 0.50 ಸೆಕೆಂಡು. ಹಾರಾಟದ ಅವಧಿಯ ವರ್ಗವನ್ನು 9.81ರಿಂದ ಗುಣಿಸಿ 8ರಿಂದ ಭಾಗಿಸಿದರೆ ಎತ್ತರ 0.307 ಮೀಟರ್, ಸೂಚ್ಯಂಕ ಸುಮಾರು 1.53. ಅಷ್ಟೇ ಎತ್ತರ ಜಿಗಿಯಲು 0.30 ಸೆಕೆಂಡು ತೆಗೆದುಕೊಂಡವರ ಸೂಚ್ಯಂಕ ಸುಮಾರು 1.02. ಎತ್ತರವನ್ನಷ್ಟೇ ನೋಡಿ ಆಯ್ಕೆ ಮಾಡುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಎಚ್ಚರಿಕೆಗಳು

ಸೆಕೆಂಡಿಗೆ 30 ಚಿತ್ರಗಳ ಸಾಮಾನ್ಯ ವೀಡಿಯೊದಲ್ಲಿ ಒಂದು ಚಿತ್ರ ತಪ್ಪಿದರೂ 0.033 ಸೆಕೆಂಡಿನ ದೋಷ ಬರುತ್ತದೆ. ಮೊಣಕಾಲು ಮಡಚಿ ಇಳಿದರೆ ಹಾರಾಟದ ಅವಧಿ ಹೆಚ್ಚಿ, ಎತ್ತರ ಇದ್ದುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಮಳೆಗಾಲದಲ್ಲಿ ಮೈದಾನ ಮೆತ್ತಗಾಗುವುದರಿಂದ ನೆಲಸ್ಪರ್ಶದ ಅವಧಿ ಬದಲಾಗುತ್ತದೆ. ಆದುದರಿಂದ ಪ್ರತಿಬಾರಿಯೂ ಅದೇ ಗಟ್ಟಿನೆಲ, ಅದೇ ಪಾದರಕ್ಷೆ, ಅದೇ ಎತ್ತರದ ಪೆಟ್ಟಿಗೆಯನ್ನು ಬಳಸಬೇಕು. ಕಂಬಳದ ಓಟದ ವೇಗದಿಂದಲೂ ಓಟಗಾರನ ಈ ಬಲವನ್ನು ನಿರ್ಣಯಿಸಲಾಗದು. ಅದರಲ್ಲಿ ಕೋಣಗಳ ಎಳೆತವೂ ಸೇರಿರುತ್ತದೆ.

ಮೊಣಕಾಲು ಅಥವಾ ಹಿಮ್ಮಡಿಯ ನೋವಿರುವವರಿಗೆ ಈ ಪರೀಕ್ಷೆ ಸಲ್ಲದು. ಎಳೆಯರಿಗೆ ಮೊದಲು ಸರಿಯಾಗಿ ನೆಲಕ್ಕಿಳಿಯುವುದನ್ನು ಕಲಿಸಬೇಕು. ಒಬ್ಬರನ್ನು ಇನ್ನೊಬ್ಬರೊಡನೆ ಹೋಲಿಸುವುದಕ್ಕಿಂತ, ಅದೇ ಕ್ರೀಡಾಪಟುವಿನ ಹಿಂದಿನ ಅಳತೆಯೊಡನೆ ಹೋಲಿಸಿದಾಗ ಸೂಚ್ಯಂಕವು ಹೆಚ್ಚು ಉಪಯುಕ್ತ. ಅದು ದಿಢೀರನೆ ಇಳಿದರೆ ಆಯಾಸದ ಸೂಚನೆಯಿರಬಹುದು. ಆಗ ತರಬೇತಿಯ ಹೊರೆಯನ್ನು ಮರುಪರಿಶೀಲಿಸುವುದು ಒಳಿತು.