ಬೇರಿನ ವಿಷವೂ ಬಿಡದ ಚಟವೂ

ನಿಪ್ಪಾಣಿಯ ಸೀಮೆಯಲ್ಲಿ ತಂಬಾಕಿನ ಗಿಡವು ಮೊಗ್ಗು ತೋರುವ ಹೊತ್ತಿಗೆ ರೈತನು ಹೊಲಕ್ಕಿಳಿದು ಒಂದೊಂದು ಗಿಡದ ಕುಡಿಯನ್ನೂ ಕೈಯಾರೆ ಚಿವುಟಿ ಹಾಕುವನು. ಹೂವಾಗಿ ಬೀಜವಾಗಿ ವ್ಯಯವಾಗತಕ್ಕ ಸತ್ತ್ವವೆಲ್ಲ ಎಲೆಗೇ ಸೇರಲೆಂಬುದು ಅವನ ಉದ್ದೇಶ. ಕುಡಿ ಹೋದ ಕೆಲವು ದಿನಗಳಲ್ಲಿಯೇ ಎಲೆಯ ಕಂಕುಳುಗಳಲ್ಲಿ ಮರಿಚಿಗುರುಗಳು ಒಡೆಯುತ್ತವೆ. ಅವನ್ನೂ ಮೇಲಿಂದ ಮೇಲೆ ಮುರಿಯಬೇಕು. ಈ ಕೆಲಸ ಮಾಡುವವರ ಬೆರಳುಗಳಿಗೆ ಗಿಡದ ಜಿಗುಟು ಅಂಟಿ ಕಪ್ಪಾಗುತ್ತದೆ, ಸಾಬೂನಿಗೂ ಸುಲಭವಾಗಿ ಬಿಡದು, ಆ ಕೈಯಿಂದ ರೊಟ್ಟಿ ಮುರಿದರೆ ರೊಟ್ಟಿಯೂ ಕಹಿಯಾಗುತ್ತದೆ. ದಿನಗಳೆದಂತೆ ಎಲೆ ದಪ್ಪವಾಗಿ, ಮೈಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳೆದ್ದಾಗ, ಬೀಡಿಯ ತಂಬಾಕು ಕೊಯ್ಲಿಗೆ ಬಂದಿತೆಂದು ತಿಳಿಯುವರು.

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರವನ್ನು ದಾಟಿ ಹೆದ್ದಾರಿಯಲ್ಲಿ ಮುಂದೆ ಸಾಗಿದವರಿಗೆ ಈ ಹೊಲಗಳು ಅಪರಿಚಿತವಲ್ಲ. ಆದರೆ ಕುಡಿ ಚಿವುಟಿದಾಗ ಗಿಡದೊಳಗೆ ನಡೆಯುವ ವ್ಯಾಪಾರವನ್ನು ತಿಳಿದವರು ವಿರಳ. ಧೂಮಪಾನದ ಸಮಸ್ತ ಮೋಹಕ್ಕೂ ಮೂಲವಾದ ನಿಕೋಟಿನ್ ಎಂಬ ಕ್ಷಾರಸತ್ತ್ವವು ಹುಟ್ಟುವುದು ಎಲೆಯಲ್ಲಲ್ಲ, ಬೇರಿನಲ್ಲಿ. ಅಲ್ಲಿಂದ ಅದು ನೀರಿನೊಡನೆ ಮೇಲೇರಿ ಎಲೆಯಲ್ಲಿ ಸಂಗ್ರಹವಾಗುತ್ತದೆ. ತನ್ನನ್ನು ಮೇಯಲು ಬರುವ ಹುಳುಗಳನ್ನು ಕೊಲ್ಲುವುದಕ್ಕಾಗಿ ಗಿಡವು ಮಾಡಿಕೊಂಡ ವಿಷ ಅದು. ಗಾಯವಾದೊಡನೆ, ಎಂದರೆ ಹುಳು ಕಡಿದಾಗಲೂ ರೈತನ ಬೆರಳು ಚಿವುಟಿದಾಗಲೂ, ಬೇರು ಹೆಚ್ಚು ವಿಷವನ್ನು ತಯಾರಿಸತೊಡಗುತ್ತದೆ. ಹೇನು ಬಿದ್ದ ಬೆಳೆಗೆ ತಂಬಾಕಿನ ಕಷಾಯವನ್ನು ಸಿಂಪಡಿಸುವ ನಮ್ಮ ರೈತರು ಈ ವಿಷದ ಗುಣವನ್ನು ರಸಾಯನಶಾಸ್ತ್ರದ ಗ್ರಂಥಗಳನ್ನು ನೋಡದೆಯೇ ಅರಿತಿದ್ದರು. ಹುಳುವಿಗೆ ಮೃತ್ಯುವಾದ ಈ ವಸ್ತುವು ಮನುಷ್ಯನಿಗೆ ಬಿಡಲಾಗದ ಸುಖವಾದುದು ಹೇಗೆಂಬುದನ್ನು ತಿಳಿಯದ ಹೊರತು, ಸಿಗರೇಟು ಬಿಡಬೇಕೆಂದು ಹೆಣಗುವ ಒಬ್ಬ ಮನುಷ್ಯನ ಕಷ್ಟವನ್ನೂ ನಾವು ನ್ಯಾಯವಾಗಿ ತೂಗಲಾರೆವು.

ಅಮೆರಿಕ ಖಂಡದ ಈ ಸಸ್ಯವನ್ನು ಭಾರತಕ್ಕೆ ತಂದವರು ಪೋರ್ತುಗೀಜರು. ಅದು ಉತ್ತರದ ರಾಜಸಭೆಯನ್ನು ಪ್ರವೇಶಿಸಿದುದು ಮಾತ್ರ ನಮ್ಮ ವಿಜಾಪುರದಿಂದ. ಅಕ್ಬರನ ರಾಯಭಾರಿಯಾಗಿ ಆದಿಲಶಾಹಿ ರಾಜಧಾನಿಗೆ ಬಂದಿದ್ದ ಅಸದ್ ಬೇಗನು 17ನೆಯ ಶತಮಾನದ ಆರಂಭದಲ್ಲಿ ಅಲ್ಲಿಂದ ತಂಬಾಕನ್ನೂ, ರತ್ನಖಚಿತವಾಗಿ ಮಾಡಿಸಿದ ಒಂದು ಸೇದುವ ಕೊಳವೆಯನ್ನೂ ಒಯ್ದು ಬಾದಶಹನಿಗೆ ಅರ್ಪಿಸಿದನು. ಅಕ್ಬರನು ಕುತೂಹಲಕ್ಕೆ ಒಂದೆರಡು ಸಲ ಸೇದಿದನಾದರೂ, ಪರೀಕ್ಷೆಯಾಗದ, ಪೂರ್ವದ ವೈದ್ಯರು ಏನೂ ಬರೆದಿಡದ ವಸ್ತುವಿದೆಂದು ಆಸ್ಥಾನವೈದ್ಯನು ತಡೆದುದರಿಂದ ಅದನ್ನು ಅಭ್ಯಾಸ ಮಾಡಿಕೊಳ್ಳಲಿಲ್ಲ. ಸಭೆಯ ಸರದಾರರು ಮಾತ್ರ ಬಿಡಲಿಲ್ಲ. ಜಹಾಂಗೀರನು 1617ರಲ್ಲಿ ನಿಷೇಧವನ್ನೇ ಹೊರಡಿಸಬೇಕಾಯಿತು, ಅದೂ ವ್ಯರ್ಥವಾಯಿತು. ಆಸ್ಥಾನವೈದ್ಯನ ಆ ಹೆಸರರಿಯದ ಭಯವೇ ಸತ್ಯವೆಂಬುದಕ್ಕೆ ಅಂಕಿಸಂಖ್ಯೆಗಳ ದೃಢವಾದ ಪ್ರಮಾಣ ದೊರೆಯಲು 1950ರವರೆಗೆ, ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬವರು ಶ್ವಾಸಕೋಶದ ಅರ್ಬುದಕ್ಕೂ ಧೂಮಪಾನಕ್ಕೂ ಇರುವ ಸಂಬಂಧವನ್ನು ತೋರಿಸಿಕೊಡುವವರೆಗೆ, ಜಗತ್ತು ಕಾಯಬೇಕಾಯಿತು.

ಸಿಗರೇಟಿನ ಹೊಗೆಯಲ್ಲಿ 7,000ಕ್ಕಿಂತ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಅರ್ಬುದವನ್ನು ಹುಟ್ಟಿಸತಕ್ಕವು ಸುಮಾರು 70. ದೇಹವನ್ನು ಕೊಲ್ಲುವುದು ಬಹುಮಟ್ಟಿಗೆ ಇವು. ಮನುಷ್ಯನನ್ನು ಇವುಗಳ ಬಳಿಗೆ ಮತ್ತೆ ಮತ್ತೆ ಎಳೆದು ತರುವುದು ನಿಕೋಟಿನ್. ಶ್ವಾಸಕೋಶದ ವಿಶಾಲವಾದ ಒಳಮೈಯಿಂದ ಅದು ರಕ್ತಕ್ಕೆ ಸೇರಿ, ಹೃದಯವನ್ನು ಹಾದು, ಹತ್ತಿಪ್ಪತ್ತು ಸೆಕೆಂಡುಗಳೊಳಗೆ ಮಿದುಳನ್ನು ಮುಟ್ಟುತ್ತದೆ. ನರತಂತುಗಳ ತುದಿಯಲ್ಲಿ ಅಸೆಟೈಲ್‌ಕೋಲಿನ್ ಎಂಬ ಸ್ವಾಭಾವಿಕ ದ್ರವ್ಯಕ್ಕಾಗಿ ಏರ್ಪಟ್ಟ ಗ್ರಾಹಕಗಳನ್ನು ತಾನು ಆಕ್ರಮಿಸಿ, ಸಂತೃಪ್ತಿಯ ಭಾವವನ್ನೂ ಮರಳಿ ಮಾಡಬೇಕೆಂಬ ಪ್ರೇರಣೆಯನ್ನೂ ಕೊಡುವ ಡೋಪಮಿನ್ನನ್ನು ಬಿಡುಗಡೆ ಮಾಡಿಸುತ್ತದೆ. ಕ್ರಿಯೆಗೂ ಫಲಕ್ಕೂ ನಡುವೆ ಅಂತರವು ಕಡಿಮೆಯಾದಷ್ಟೂ ಅಭ್ಯಾಸವು ಗಾಢವಾಗುವುದೆಂಬುದು ಮನಶ್ಶಾಸ್ತ್ರದ ಸಿದ್ಧಾಂತ. ದಿನಕ್ಕೆ 20 ಸಿಗರೇಟು, ಒಂದೊಂದಕ್ಕೆ ಹತ್ತು ದಮ್ಮು ಎಂದು ಹಿಡಿದರೂ ವರ್ಷಕ್ಕೆ 73,000 ಸಲ ಮಿದುಳು ಈ ಪಾಠವನ್ನು ಕಲಿಯುತ್ತದೆ. ಬೇರೆ ಯಾವ ವಿದ್ಯೆಯನ್ನು ನಾವು ಇಷ್ಟು ಸಲ ಮನನ ಮಾಡಿದ್ದೇವೆ?

ಪದೇ ಪದೇ ನಿಕೋಟಿನ್ನಿಗೆ ಒಳಗಾದ ಮಿದುಳು ತನ್ನ ಗ್ರಾಹಕಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಘಟಪ್ರಭೆಯ ಕಾಲುವೆಯನ್ನು ನಂಬಿ, ಒಣಬೇಸಾಯದ ಹೊಲವನ್ನೆಲ್ಲ ಕಬ್ಬಿಗೆ ಪರಿವರ್ತಿಸಿದ ರೈತನಿಗೆ ನೀರು ನಿಂತ ವಾರದಲ್ಲಿ ಮೊದಲಿಗಿಂತಲೂ ದೊಡ್ಡ ಹೊಲ ಬಾಯಾರಿ ನಿಲ್ಲುವಂತೆ, ನಿಕೋಟಿನ್ ನಿಂತೊಡನೆ ಈ ಹೆಚ್ಚಿದ ಗ್ರಾಹಕಗಳೆಲ್ಲ ಬರಿದಾಗಿ ಬೇಡತೊಡಗುತ್ತವೆ. ರಕ್ತದಲ್ಲಿ ನಿಕೋಟಿನ್ನಿನ ಪ್ರಮಾಣವು ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಗೋಕಾಕ ಫಾಲ್ಸ್‌ನ ನೂಲಿನ ಗಿರಣಿಯಂಥ ಕಡೆಗಳಲ್ಲಿ, ಹತ್ತಿಗೆ ಕಿಡಿ ಬಿದ್ದೀತೆಂಬ ಭಯದಿಂದ ಯಂತ್ರಗಳ ಬಳಿ ಬೀಡಿಗೆ ಅವಕಾಶವಿಲ್ಲವಷ್ಟೆ. ಪಾಳಿ ಮುಗಿದು ಭೋಂಗಾ ಕೂಗಿದೊಡನೆ ಹೊರಬಂದ ಕಾರ್ಮಿಕನ ಕೈ ಮನೆಯ ದಾರಿಗಿಂತ ಮೊದಲು ಜೇಬನ್ನು ಹುಡುಕುವುದರಲ್ಲಿ ಆಶ್ಚರ್ಯವೇನು? ಮೊದಲ ದಮ್ಮಿನಿಂದ ಅವನಿಗೆ ದೊರೆಯುವ ನೆಮ್ಮದಿಯು ಬಹುಪಾಲು ಹೊಸ ಸುಖವಲ್ಲ. ಹಿಂದಿನ ದಮ್ಮು ಉಳಿಸಿಹೋದ ಸಂಕಟದ ಶಮನ. ಸಿಗರೇಟು ಚಿಂತೆಯನ್ನು ಕಳೆಯುವುದೆಂದು ಸೇದುವವರು ಪ್ರಾಮಾಣಿಕವಾಗಿಯೇ ನಂಬುತ್ತಾರೆ. ಕಳೆಯುವ ಚಿಂತೆಯಲ್ಲಿ ಹೆಚ್ಚಿನ ಪಾಲನ್ನು ಅದೇ ಹುಟ್ಟಿಸಿರುತ್ತದೆ.

ಬಿಟ್ಟ ಕೆಲವೇ ಗಂಟೆಗಳಲ್ಲಿ ತಳಮಳ ಆರಂಭವಾಗುತ್ತದೆ. ಎರಡು ಮೂರನೆಯ ದಿನಗಳಲ್ಲಿ ಅದು ಶಿಖರಕ್ಕೇರುತ್ತದೆ: ಕಾರಣವಿಲ್ಲದ ಸಿಟ್ಟು, ಕೆಲಸದಲ್ಲಿ ನಿಲ್ಲದ ಮನಸ್ಸು, ಮುರಿದ ನಿದ್ರೆ, ಹೆಚ್ಚಿದ ಹಸಿವು, ಮಲಬದ್ಧತೆ. ಎರಡರಿಂದ ನಾಲ್ಕು ವಾರಗಳಲ್ಲಿ ಇವು ತಗ್ಗುತ್ತವೆ; ಹೆಚ್ಚಿದ ಗ್ರಾಹಕಗಳೂ ಸುಮಾರು ಮೂರು ತಿಂಗಳೊಳಗೆ ಪೂರ್ವಸ್ಥಿತಿಗೆ ಬರುತ್ತವೆಂದು ಮಿದುಳಿನ ಚಿತ್ರಣಗಳು ತೋರಿಸಿವೆ. ಆದರೆ ಗ್ರಾಹಕಗಳು ಮರೆತುದನ್ನು ಸ್ಮೃತಿ ಮರೆಯದು. ಮೂಡಲಗಿಯ ಸಂತೆಯ ದಿನ ಚಹಾದ ಕಪ್ಪು ಕೈಗೆ ಬಂದಾಗ, ಹುಕ್ಕೇರಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ತಡವಾದಾಗ, ಊಟವಾದ ಮೇಲೆ ಕಟ್ಟೆಗೆ ಕುಳಿತಾಗ, ಹಳೆಯ ಜೊತೆಗಾರನೊಬ್ಬನು “ತಗೋರಿ ಕಾಕಾ, ಒಂದರಿಂದ ಏನ ಆಗತೈತಿ” ಎಂದು ಪ್ರೀತಿಯಿಂದಲೇ ಪಾಕೀಟು ಚಾಚಿದಾಗ, ತಿಂಗಳುಗಟ್ಟಲೆ ಮಲಗಿದ್ದ ಬಯಕೆ ಏಳುತ್ತದೆ. ಔಷಧವಿಲ್ಲದೆ, ಸಲಹೆಯಿಲ್ಲದೆ ಒಂದು ಸಲದ ನಿರ್ಧಾರದಿಂದಲೇ ಬಿಟ್ಟವರಲ್ಲಿ ವರ್ಷದ ಕೊನೆಯವರೆಗೂ ನಿಂತವರು ನೂರಕ್ಕೆ ಮೂವರಿಂದ ಐವರು ಮಾತ್ರ. ಉಳಿದವರನ್ನೆಲ್ಲ ‘ಮನಸ್ಸು ಗಟ್ಟಿಯಿಲ್ಲದವರು’ ಎಂದು ನಮ್ಮ ಊರುಗಳಲ್ಲಿ ಹಳಿಯುವ ರೂಢಿಯಿದೆ. ಇದನ್ನು ನಾನು ಕ್ರೂರವೆಂದೂ ಅಶಾಸ್ತ್ರೀಯವೆಂದೂ ಭಾವಿಸುತ್ತೇನೆ. ಮತ್ತೆ ಸೇದಿದವನು ಲಜ್ಜೆಯಿಂದ ಅದನ್ನು ಬಚ್ಚಿಡುವನು. ಬಚ್ಚಿಟ್ಟವನಿಗೆ ವೈದ್ಯನ ನೆರವೂ ಇಲ್ಲ, ಮನೆಯವರ ನೆರವೂ ಇಲ್ಲ.

ಚಹಾದ ಮಾತು ಬಂದುದರಿಂದ ಒಂದು ಸೂಕ್ಷ್ಮವನ್ನು ಇಲ್ಲಿ ಹೇಳುವುದು ಉಚಿತ. ಹೊಗೆಯಲ್ಲಿರುವ ಕೆಲವು ದ್ರವ್ಯಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ, ಚಹಾ ಕಾಫಿಗಳ ಕೆಫೀನನ್ನು ಬೇಗ ಕರಗಿಸುತ್ತವೆ. ಸೇದುವುದು ನಿಂತಾಗ ಆ ಚುರುಕೂ ನಿಲ್ಲುವುದರಿಂದ, ಮೊದಲಿನಷ್ಟೇ ಚಹಾ ಕುಡಿದರೂ ರಕ್ತದಲ್ಲಿ ಕೆಫೀನು ಸುಮಾರು ಇಮ್ಮಡಿಯಾಗಿ ನಿಲ್ಲುತ್ತದೆ. ಬಿಟ್ಟವನ ನಿದ್ರಾಹೀನತೆಗೂ ಎದೆಬಡಿತಕ್ಕೂ ಇದು ಒಂದು ಕಾರಣ. ಗಳಿಗೆಗೊಂದು ಚಹಾ ಕುಡಿಯುವ ನಮ್ಮ ಸೀಮೆಯವರು ಸಿಗರೇಟಿನೊಡನೆ ಚಹಾವನ್ನೂ ಅರ್ಧಕ್ಕಿಳಿಸಿದರೆ ಆ ಮೊದಲ ವಾರದ ಕಷ್ಟ ಗಮನಾರ್ಹವಾಗಿ ಕಡಿಮೆಯಾಗುವುದು.

ಸಿಗರೇಟಿಗಿಂತ ಬೀಡಿ ಸೌಮ್ಯವೆಂಬ ಭ್ರಾಂತಿಯೂ ಉಂಟು. ಬೀಡಿಯಲ್ಲಿ ತಂಬಾಕು ಕಡಿಮೆಯೆಂಬುದು ನಿಜ. ಆದರೆ ಅದನ್ನು ಸುತ್ತಿದ ಎಲೆಯೊಳಗೆ ಗಾಳಿ ಸುಲಭವಾಗಿ ಆಡದುದರಿಂದ, ಆರದಂತೆ ನೋಡಿಕೊಳ್ಳಲು ಮೇಲಿಂದ ಮೇಲೆ ಬಲವಾಗಿ ಎಳೆಯಬೇಕಾಗಿ, ನಿಕೋಟಿನ್ನೂ ಟಾರೂ ಇಂಗಾಲದ ಮಾನಾಕ್ಸೈಡೂ ಒಳಗೆ ಹೆಚ್ಚೇ ಹೋಗುತ್ತವೆ. ಇನ್ನು ಸಿಗರೇಟು ಬಿಟ್ಟು ಅಂಗೈಯಲ್ಲಿ ತಂಬಾಕು, ಸುಣ್ಣ ಹಾಕಿ ತಿಕ್ಕಿ ದವಡೆಗಿಡುವವರು ಚಟವನ್ನು ಬಿಟ್ಟವರಲ್ಲ, ಅದರ ಬಾಗಿಲನ್ನು ಬದಲಿಸಿದವರು. ಸುಣ್ಣದ ಕ್ಷಾರಗುಣದಿಂದ ನಿಕೋಟಿನ್ ಬಿಡಿಯಾಗಿ ಬಾಯಿಯ ತೆಳುಪೊರೆಯನ್ನು ಸುಲಭವಾಗಿ ದಾಟುತ್ತದೆ. ಬಾಯಿಯ ಅರ್ಬುದಕ್ಕೆ ಅದೇ ಸ್ಥಳ ಗುರಿಯಾಗುತ್ತದೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇಕಡಾ 8.8 ಇದ್ದರೆ, ಜಗಿಯುವುದೇ ಮೊದಲಾದ ಹೊಗೆಯಿಲ್ಲದ ರೂಪಗಳಿಗೆ ಒಳಗಾದವರು ಶೇಕಡಾ 16.3 ಇದ್ದರು. ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲುಜ್ಜುವ ಹೆಣ್ಣುಮಕ್ಕಳೂ ಇವರೊಳಗೆ ಸೇರುವರು.

ಸಮಸ್ಯೆಯ ಆರ್ಥಿಕ ಮುಖವನ್ನು ಮರೆಯುವಂತಿಲ್ಲ. 1981ರಲ್ಲಿ ಯೋಗ್ಯ ಬೆಲೆಗಾಗಿ ರೈತ ನಾಯಕ ಶರದ್ ಜೋಶಿಯವರ ನೇತೃತ್ವದಲ್ಲಿ ನಿಪ್ಪಾಣಿಯ ಹೆದ್ದಾರಿಯಲ್ಲಿ ಕುಳಿತ ತಂಬಾಕು ಬೆಳೆಗಾರರು ಪೋಲೀಸರ ಗೋಲಿಬಾರಿನಲ್ಲಿ ಪ್ರಾಣ ತೆತ್ತರು. ಬೆಳೆಯುವವರನ್ನೂ, ವಖಾರಿಗಳಲ್ಲಿ ತಂಬಾಕಿನ ಧೂಳನ್ನು ಕುಡಿಯುತ್ತ ಜರಡಿ ಹಿಡಿಯುವ ಹೆಂಗಸರನ್ನೂ ಅಪರಾಧಿಗಳಂತೆ ಕಾಣುವುದು ಅನ್ಯಾಯ. ಒದ್ದೆಯೆಲೆಯನ್ನು ಹೊತ್ತು ಚರ್ಮದ ಮೂಲಕವೇ ನಿಕೋಟಿನ್ ಏರಿ ವಾಂತಿ, ತಲೆಸುತ್ತುಗಳಿಂದ ನರಳುವವರು ಮೊದಲು ಅವರೇ.

ಚಿಕಿತ್ಸೆಯ ವಿಷಯದಲ್ಲಿ ಕಳೆದ ಐವತ್ತು ವರ್ಷಗಳು ವಿಶೇಷವಾಗಿ ಫಲಪ್ರದವಾಗಿವೆ. ಹೊಗೆಯ ವಿಷಗಳಿಲ್ಲದೆ ನಿಕೋಟಿನ್ನನ್ನು ಮಾತ್ರ ನಿಧಾನವಾಗಿ ಕೊಟ್ಟು ಕ್ರಮವಾಗಿ ಇಳಿಸುವ ಚೂಯಿಂಗ್ ಗಮ್ಮು ಮತ್ತು ಚರ್ಮಕ್ಕೆ ಅಂಟಿಸುವ ಪಟ್ಟಿಗಳು ಬಿಡುವವರ ಯಶಸ್ಸನ್ನು ಸುಮಾರು ಒಂದೂವರೆಪಟ್ಟು ಹೆಚ್ಚಿಸುತ್ತವೆ. ಬುಪ್ರೊಪಿಯಾನ್, ವರೆನಿಕ್ಲಿನ್ ಎಂಬ ಗುಳಿಗೆಗಳನ್ನು ವೈದ್ಯರ ಚೀಟಿಯ ಮೇರೆಗೆ ತೆಗೆದುಕೊಳ್ಳಬೇಕು. ಇವೆರಡನ್ನೂ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಔಷಧದೊಡನೆ ಮಾತಿನ ಆಸರೆಯೂ ಕೂಡಿದರೆ ಫಲ ಇನ್ನೂ ಹೆಚ್ಚು. ಸಿಗರೇಟಿನ ಪಾಕೀಟಿನ ಮೇಲೆಯೇ ಅಚ್ಚಾದ 1800-11-2356 ಎಂಬ ಸಂಖ್ಯೆಗೆ ಕರೆ ಮಾಡಲು ಹಣ ಬೇಕಿಲ್ಲ; ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಈ ಸೇವೆಯಲ್ಲಿ ಪಾಲುಗೊಂಡು ಕನ್ನಡದಲ್ಲಿ ಸಲಹೆ ದೊರೆಯುವಂತೆ ಮಾಡಿದೆ. ಹುಕ್ಕೇರಿಯ ಒಂದು ಹಳ್ಳಿಯಲ್ಲಿ, ಮನೆಯವರಿಗೂ ಹೇಳಲು ಸಂಕೋಚಪಡುವ ಮನುಷ್ಯನಿಗೆ ಇದು ಅಲ್ಪವಾದ ಉಪಕಾರವಲ್ಲ.

ತಡವಾಯಿತೆಂದು ನಿರಾಶರಾಗುವವರಿಗೆ ಡಾಲ್ ಅವರ ಇನ್ನೊಂದು ಸಂಶೋಧನೆ ತಿಳಿದಿರಬೇಕು. ಬ್ರಿಟನ್ನಿನ ವೈದ್ಯರನ್ನು 1951ರಿಂದ ಐವತ್ತು ವರ್ಷ ಅನುಸರಿಸಿ 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜೀವನವಿಡೀ ಸೇದಿದವರು ಸರಾಸರಿ ಹತ್ತು ವರ್ಷ ಮೊದಲೇ ತೀರಿಕೊಂಡರು. 60ರಲ್ಲಿ ಬಿಟ್ಟವರು ಅದರಲ್ಲಿ ಸುಮಾರು ಮೂರು ವರ್ಷ, 50ರಲ್ಲಿ ಬಿಟ್ಟವರು ಆರು, 40ರಲ್ಲಿ ಬಿಟ್ಟವರು ಒಂಬತ್ತು ವರ್ಷಗಳನ್ನು ಮರಳಿ ಪಡೆದರು. 30ರಲ್ಲಿ ಬಿಟ್ಟವರಿಗೆ ನಷ್ಟವು ಹೆಚ್ಚುಕಡಿಮೆ ಪೂರ್ತಿಯಾಗಿ ತುಂಬಿ ಬಂದಿತು.

ಹೀಗೆ ಬಿಡಲು ನಿರ್ಧರಿಸಿ, ಮೇಲೆ ಹೇಳಿದ ನಿಕೋಟಿನ್ ಗಮ್ಮನ್ನು ಆರಿಸಿಕೊಂಡವರು ಅದನ್ನು ಬಳಸುವ ಕ್ರಮವನ್ನು ಅರಿಯದೆ ನಡುವೆಯೇ ಬಿಟ್ಟುಬಿಡುವುದುಂಟು. ಅದನ್ನು ಮಿಠಾಯಿಯಂತೆ ಸತತವಾಗಿ ಜಗಿಯಬಾರದು. ನಾಲಿಗೆಗೆ ಖಾರವೆನಿಸುವಷ್ಟು ನಿಧಾನವಾಗಿ ಜಗಿದು, ಕೆನ್ನೆಗೂ ಒಸಡಿಗೂ ನಡುವೆ ಇರಿಸಿ, ಖಾರವಿಳಿದ ಮೇಲೆ ಪುನಃ ಜಗಿಯಬೇಕು. ಹೀಗೆ ಅರ್ಧ ಗಂಟೆ. ಬೇಗ ಜಗಿದರೆ ನಿಕೋಟಿನ್ ಉಗುಳಿನೊಡನೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿಗಳನ್ನು ತರುವುದಲ್ಲದೆ ಮಿದುಳಿಗೆ ಮುಟ್ಟುವುದು ಕಡಿಮೆ. ಸುಣ್ಣದ ಕೆಲಸವನ್ನು ಮಾಡುವ ಒಂದು ಮೃದುಕ್ಷಾರವು ಗಮ್ಮಿನೊಳಗೂ ಇರುತ್ತದೆ. ಚಹಾ, ಕಾಫಿ, ಲಿಂಬೆಯ ಪಾನಕ, ಸೋಡಾಗಳಿಂದ ಬಾಯಿ ಹುಳಿಯಾಗಿದ್ದರೆ ಅದರ ಶಕ್ತಿ ನಷ್ಟವಾಗುತ್ತದೆ. ಆದುದರಿಂದ ಗಮ್ಮಿಗೆ ಮೊದಲಿನ ಕಾಲು ಗಂಟೆಯಲ್ಲಿಯೂ, ಅದು ಬಾಯಿಯಲ್ಲಿರುವಷ್ಟು ಹೊತ್ತೂ ನೀರಿನ ಹೊರತು ಏನನ್ನೂ ಕುಡಿಯಬಾರದು.