ಲಿಂಕಿಗೂ ಒಂದು ಒರೆಗಲ್ಲು

‘ಇಮೇಲಿನಲ್ಲಿ ಬಂದ ಲಿಂಕ್ ತೆರೆದರೆ ಮೇಲ್ಗಡೆ ಬೀಗದ ಚಿತ್ರ ಕಾಣುತ್ತದೆ. ಅಂದಮೇಲೆ ನಂಬಬಹುದಲ್ಲವೇ?’ ಇದು ಬಂಗಾರಪೇಟೆಯ ಓದುಗರೊಬ್ಬರ ಪ್ರಶ್ನೆ. ನಂಬಬಾರದು. ನಿಮ್ಮ ಫೋನಿಗೂ ಆ ಜಾಲತಾಣಕ್ಕೂ ನಡುವೆ ಹರಿಯುವ ಮಾಹಿತಿಯನ್ನು ಮೂರನೆಯವರು ಓದಲಾರರು ಎಂದಷ್ಟೇ ಆ ಬೀಗ ಹೇಳುತ್ತದೆ. ತಾಣ ನಡೆಸುವವನೇ ಕಳ್ಳನಾಗಿದ್ದರೆ ನಿಮ್ಮ ಪಾಸ್‌ವರ್ಡ್ ಬಲು ಭದ್ರವಾಗಿ ಅವನ ಕೈ ಸೇರುತ್ತದೆ! ಜನ ಹೀಗೆ ತಪ್ಪು ತಿಳಿಯುತ್ತಾರೆಂದೇ ಗೂಗಲ್ 2023ರಲ್ಲಿ ಕ್ರೋಮ್‌ನಿಂದ ಆ ಚಿತ್ರವನ್ನು ಕಿತ್ತುಹಾಕಿತು.

ಬಂಗಾರಪೇಟೆಯವರಂಥ ಕೋಲಾರ ಚಿನ್ನದ ಗಣಿಯ (ಕೆಜಿಎಫ್) ನೆರೆಯವರಿಗೆ ಇದನ್ನು ವಿವರಿಸುವುದು ಸುಲಭ. ಕಬ್ಬಿಣ ಮತ್ತು ಗಂಧಕ ಕೂಡಿದ ಪೈರೈಟ್ ಎಂಬ ಖನಿಜ ಕಣ್ಣಿಗೆ ಚಿನ್ನದಂತೆಯೇ ಹೊಳೆಯುತ್ತದೆ. ಬಣ್ಣ ನೋಡಿದವನು ಕೆಟ್ಟ. ಅಕ್ಕಸಾಲಿಗ ಬಣ್ಣ ನೋಡಿ ತೀರ್ಮಾನಿಸುವುದಿಲ್ಲ, ಕಪ್ಪು ಒರೆಗಲ್ಲಿನ ಮೇಲೆ ಉಜ್ಜುತ್ತಾನೆ. ಚಿನ್ನ ಮೃದು; ಹಳದಿ ಗೆರೆ ಬಿಡುತ್ತದೆ. ಪೈರೈಟ್ ಗಡಸು, ಅದರ ಪುಡಿ ಹಸಿರುಗಪ್ಪು. ಹಿತ್ತಾಳೆಯ ಗೆರೆಯೂ ಹಳದಿಯೇ, ಆದರೆ ನೈಟ್ರಿಕ್ ಆಮ್ಲದ ಒಂದು ತೊಟ್ಟು ಬಿದ್ದರೆ ಅದು ಕರಗಿಹೋಗುತ್ತದೆ, ಚಿನ್ನ ಉಳಿಯುತ್ತದೆ. ಇಮೇಲಿನ ಲೋಗೊ, ಸಹಿ, ಸರ್ಕಾರಿ ಮುದ್ರೆ ಎಲ್ಲವೂ ಬರೀ ಹೊಳಪು. ‘ಕಾಗುಣಿತ ತಪ್ಪಿದ್ದರೆ ಮೋಸ’ ಎಂಬ ಹಳೆಯ ಬುದ್ಧಿಮಾತು ಕೂಡ ಈಗ ಸವಕಲು. ಯಂತ್ರಗಳೇ ತಪ್ಪಿಲ್ಲದ ಕನ್ನಡ ಬರೆದುಕೊಡುತ್ತಿವೆ.

ಗೆರೆ ಮೂಡುವುದು ವಿಳಾಸದಲ್ಲಿ. ಲಿಂಕಿನ ಮೇಲೆ ಬೆರಳನ್ನು ಒತ್ತಿಹಿಡಿದರೆ ಪೂರ್ತಿ ವಿಳಾಸ ಕಾಣುತ್ತದೆ. ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ ‘ಟಿಕೆಟ್ ಹಣ ವಾಪಸ್’ ಎಂದು ಇಮೇಲ್ ಬಂತೆನ್ನಿ. ಅಸಲಿ ತಾಣ ಐಆರ್‌ಸಿಟಿಸಿ.ಕೋ.ಇನ್. ಇಮೇಲಿನಲ್ಲಿರುವುದು ಐಆರ್‌ಸಿಟಿಸಿ.ಕೋ.ಇನ್.ಯಾರೋ.ಕಾಮ್. ಎಡದಿಂದ ಓದಿದವನಿಗೆ ಅದು ರೈಲ್ವೆಯದೇ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಹೆಸರಿನ ವ್ಯವಸ್ಥೆಯಲ್ಲಿ ಯಜಮಾನಿಕೆ ಬಲದಿಂದ ಎಡಕ್ಕೆ ಸಾಗುತ್ತದೆ. ಮೊದಲ ಒಂಟಿ ಓರೆಗೆರೆಯನ್ನು (/) ಹುಡುಕಿ, ಅಲ್ಲಿಂದ, ಅದಿಲ್ಲದಿದ್ದರೆ ವಿಳಾಸದ ಕೊನೆಯಿಂದ, ಎಡಕ್ಕೆ ಬನ್ನಿ: ಕಾಮ್, ಅದರ ಹಿಂದೆ ಯಾರೋ. ತಾಣದ ಒಡೆಯ ಆ ‘ಯಾರೋ’. ಅವನು ತನ್ನ ಹೆಸರಿನ ಎಡಕ್ಕೆ ಏನನ್ನು ಬೇಕಾದರೂ ಅಂಟಿಸಿಕೊಳ್ಳಬಹುದು, ಯಾರ ಅಪ್ಪಣೆಯೂ ಬೇಡ. ಕೊನೆಯಲ್ಲಿ ಕೋ.ಇನ್, ಗವ್.ಇನ್ ಮುಂತಾದ ಜೋಡಿ ಇದ್ದರೆ ಮಾತ್ರ ಇನ್ನೂ ಒಂದು ತುಂಡು ಎಡಕ್ಕೆ ನೋಡಬೇಕು.

ಕಳಿಸಿದವರ ಹೆಸರನ್ನಂತೂ ಲೆಕ್ಕಕ್ಕೇ ಇಡಬೇಡಿ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಇಮೇಲ್ ನಿಯಮಗಳಲ್ಲಿ ಅದನ್ನು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ. ಆಮೇಲೆ ಹಚ್ಚಿದ ತೇಪೆಗಳು ಎಲ್ಲ ಕಡೆ ಕೆಲಸ ಮಾಡುವುದಿಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಬಾಕಿಗಾಗಿ ಕಾದ ಮನೆಗಳಿರುವ ಕೆಜಿಎಫ್‌ನಲ್ಲಿ ‘ನಿಮ್ಮ ಬಾಕಿ ಮಂಜೂರಾಗಿದೆ’ ಎಂಬ ಒಂದು ಸಾಲಿಗೆ ಎಷ್ಟು ಬೆರಳುಗಳು ಮುಂದಾದಾವು, ಊಹಿಸಿ.

ಈ ಒರೆಗಲ್ಲನ್ನೂ ವಂಚಿಸಿದವರಿದ್ದಾರೆ. 2017ರಲ್ಲಿ ಶೂಡಾಂಗ್ ಝೆಂಗ್ ಎಂಬ ಸಂಶೋಧಕ ರಷ್ಯನ್ ಮೊದಲಾದ ಭಾಷೆಗಳ ಸಿರಿಲಿಕ್ ಅಕ್ಷರಗಳನ್ನಷ್ಟೇ ಜೋಡಿಸಿ, ಆ್ಯಪಲ್ ಕಂಪನಿಯದೆಂದೇ ಕಾಣುವ ವಿಳಾಸ ಮಾಡಿ ತೋರಿಸಿದ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಮೋಸಹೋದವು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ನೋಡಿ ಪತ್ತೆಹಚ್ಚುವುದು ಅಸಾಧ್ಯ. ವಿಳಾಸವನ್ನು ನಾವೇ ಟೈಪ್ ಮಾಡಿದರೆ ಈ ಆಟ ನಡೆಯದು.

ಬ್ಯಾಂಕುಗಳ ಮಟ್ಟಿಗೆ ಒಂದು ಅನುಕೂಲವಾಗಿದೆ. ಭಾರತದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್.ಇನ್ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಆ ಬಾಲ ಬ್ಯಾಂಕುಗಳಿಗಲ್ಲದೆ ಬೇರೆಯವರಿಗೆ ಸಿಗುವುದಿಲ್ಲ. ಇಷ್ಟಾಗಿಯೂ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು; ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.